ಕೆರೆದಾರಿಯ ಮೇಲಿನ ಕೋಣೆ

ನಾನು ಮಂಡಲ ಪಂಚಾಯಿತಿಯ ಮೆಂಬರಾದದ್ದು ನನ್ನ ಇಷ್ಟದಿಂದಲ್ಲ. ನಮ್ಮ ಬೀದಿಯ ಸೀಟು ಹೆಂಗಸರಿಗೆ ಬಂದಿತ್ತು. ಬೀದಿಯ ಸೊಸೆಯರಲ್ಲಿ ಹತ್ತನೇ ತರಗತಿವರೆಗೆ ಓದಿದವಳು ನಾನೊಬ್ಬಳೇ. ರಾಮನಗರಕ್ಕೆ ರೇಷ್ಮೆಗೂಡು ಮಾರಲು ಹೋಗಿದ್ದ ನನ್ನ ಗಂಡ ಬರುವಾಗ ಅರ್ಜಿಯನ್ನೂ ತಂದು, ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದ ನನ್ನ ಮುಂದಿಟ್ಟು, "ಇಲ್ಲೊಂದು ಸೈನ್ ಹಾಕು" ಅಂದರು. ಕೈ ಒರೆಸಿಕೊಂಡು ಹಾಕಿದೆ. ಎದುರಿಗೆ ಯಾರೂ ನಿಲ್ಲಲಿಲ್ಲ. ಆಮೇಲೆ ಮೂರು ತಿಂಗಳಿಗೊಮ್ಮೆಯೋ ನಾಲ್ಕು ತಿಂಗಳಿಗೊಮ್ಮೆಯೋ ಒಳ್ಳೆಯ ಸೀರೆ ಉಟ್ಟು ಮೀಟಿಂಗಿಗೆ ಹೋಗಿ, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು, ಪುಸ್ತಕಕ್ಕೆ ರುಜು ಹಾಕಿ ಬರುತ್ತಿದ್ದೆ.

ಕೈಲಾಂಚ ಹೋಬಳಿಯಲ್ಲಿ ಅದು ರೇಷ್ಮೆ ಎಲ್ಲರ ಕೈ ಹಿಡಿದಿದ್ದ ಕಾಲ. ಹಿಂದೆ ರಾಗಿ ಬಿತ್ತುತ್ತಿದ್ದ ಹೊಲಗಳಲ್ಲಿ ಹಿಪ್ಪುನೇರಳೆ ಎದ್ದಿತ್ತು. ಬೆಳಗಿನ ಬಸ್ಸಿನ ಮೇಲೆ ಗೂಡಿನ ಮೂಟೆಗಳು ಹೋಗದ ದಿನವಿರಲಿಲ್ಲ. ಗೋಡೆಗೆ ಸುಣ್ಣ ಕಾಣದ ಮನೆಗಳಿಗೆ ಹೆಂಚು ಬಂತು, ರೇಡಿಯೋ ಬಂತು. ಹುಳ ಸಾಕಲು ಜಾಗ ಸಾಲದೆ ಎಲ್ಲರೂ ಮನೆಯ ಮಗ್ಗುಲಿಗೊಂದು ಗರಿಯ ಚಪ್ಪರವನ್ನೋ ಹುಲ್ಲಿನ ಮಾಡನ್ನೋ ಇಳಿಸಿದರು. ಅದನ್ನೇ ಹುಳದ ಮನೆ ಅನ್ನುತ್ತಿದ್ದೆವು. ಒಂದರ ಮಾಡು ಇನ್ನೊಂದರ ಮಾಡನ್ನು ಮುಟ್ಟುವ ಹಾಗೆ ಬೀದಿ ಕಿರಿದಾಗುತ್ತ ಹೋಯಿತು. ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ.

ನಾನು ಚನ್ನಪಟ್ಟಣದ ಕಡೆಯವಳು. ತವರಿನಲ್ಲಿ ಹುಳದ ಮುಖ ನೋಡಿದವಳಲ್ಲ. ನನಗೆ ಹುಳ ಸಾಕುವುದನ್ನು ಕಲಿಸಿದ್ದು ಪಕ್ಕದ ಮನೆಯ ಅಕ್ಕ. ಅವರದು ಕುರಿ ಸಾಕುವ ಮನೆತನ. ಅವಳ ಅತ್ತೆ, ನಾವೆಲ್ಲ ಅಜ್ಜಿ ಅನ್ನುತ್ತಿದ್ದವಳು, ಇನ್ನೂ ದಿನಾ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. ಅಕ್ಕ ಮಾತ್ರ ಹುಳಕ್ಕೆ ಒಲಿದವಳು. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕಬಾರದು, ಗೂಡು ಕಟ್ಟುವಷ್ಟು ಹಣ್ಣಾದ ಹುಳವನ್ನು ಎರಡು ಬೆರಳಲ್ಲಿ ಹೇಗೆ ಎತ್ತಬೇಕು, ಎಲ್ಲ ತೋರಿಸಿಕೊಟ್ಟಳು. ಬೆಳಗಾಗುತ್ತಲೇ ಇಬ್ಬರೂ ಒಟ್ಟಿಗೆ ಸೊಪ್ಪು ಬಿಡಿಸಲು ಹೋಗುತ್ತಿದ್ದೆವು. ಮೀಟಿಂಗಿನ ಮಾರನೆಯ ದಿನ ತಪ್ಪದೆ ಕೇಳುತ್ತಿದ್ದಳು:

"ಏನ್ ಮಾತಾಡ್ದೆ ನೆನ್ನೆ?"

"ಏನೂ ಇಲ್ಲ ಕಣಕ್ಕ."

"ಹಂಗಾರೆ ಕಾಪಿ ಕುಡ್ಕ ಬಂದಾ?"

ಇಬ್ಬರೂ ನಗುತ್ತಿದ್ದೆವು.

ನಾನು ಮೆಂಬರಾದ ಎರಡನೇ ವರ್ಷವಿರಬೇಕು, ಮಂಡಲಕ್ಕೆ ಸ್ವಂತ ಕಚೇರಿ ಕಟ್ಟಿಕೊಳ್ಳಲು ಹಣ ಮಂಜೂರಾಯಿತು. ಅದರ ಜೊತೆಗೆ ಎರಡು ಷರತ್ತು: ಮೇಲಿನವರು ಕೊಟ್ಟ ನಕ್ಷೆಯಂತೆಯೇ ಕಟ್ಟಬೇಕು, ಮಾರ್ಚ್ ಮುಗಿಯುವುದರೊಳಗೆ ಕೆಲಸ ಶುರುವಾಗಬೇಕು. ಇಲ್ಲದಿದ್ದರೆ ಹಣ ವಾಪಸು. ಜಾಗ ಹುಡುಕಲು ಉಳಿದಿದ್ದದ್ದು ಕೆಲವೇ ವಾರ. ಊರ ಹೊರಗೆ ಗೋಮಾಳವಿತ್ತು, ಅಲ್ಲಿ ಎಷ್ಟು ದೊಡ್ಡ ಕಟ್ಟಡವನ್ನಾದರೂ ಕಟ್ಟಬಹುದಿತ್ತು. ಆದರೆ ಮಂಡಲದ ಮುಖ್ಯಸ್ಥರಾದ ನಮ್ಮ ಪ್ರಧಾನರಿಗೆ ಕಟ್ಟಡ ಊರೊಳಗೇ, ಬಸ್ಸಿನಲ್ಲಿ ಕೂತವರಿಗೂ ಕಾಣುವಂತೆ ಇರಬೇಕೆಂಬ ಆಸೆ. ಅವರು ಬಟ್ಟೆ ಅಂಗಡಿ ಇಟ್ಟಿದ್ದ ಹಿರಿಯರು, ಹಣೆ ತುಂಬ ವಿಭೂತಿ, ಮಾತು ಮೆದು. ಕೆಟ್ಟವರಲ್ಲ. "ನಮ್ಮ ಜನಕ್ಕೂ ಒಂದು ಕಚೇರಿ ಅಂತ ಆಗ್ಲಿ" ಎಂದು ಅವರು ಹೇಳುವಾಗ ಕಣ್ಣಲ್ಲಿ ನೀರಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಬಿದ್ದುಹೋಗಿದ್ದ ಹಳೇ ಚಾವಡಿಯ ಜಾಗವನ್ನು ಆರಿಸಿದರು. ರಾಮನಗರದಿಂದ ಕಿರಿಯ ಎಂಜಿನಿಯರು ಬಂದು ದಾರ ಹಿಡಿಸಿ ಸುಣ್ಣದ ಗೆರೆ ಎಳೆಸಿದರು. ಒಂದು ಹಜಾರ, ಕಾರ್ಯದರ್ಶಿಗೆ ಒಂದು ಕೋಣೆ, ಕಡತ ಇಡಲು ಇನ್ನೊಂದು ಕೋಣೆ. ಹಜಾರವೂ ಮೊದಲ ಕೋಣೆಯೂ ಚಾವಡಿಯ ಜಾಗದಲ್ಲಿ ಕೂತವು. ಕಡತದ ಕೋಣೆ ಪಕ್ಕದ ಕೆರೆದಾರಿಯ ಮೇಲೆ ಬಂತು. ಚಾವಡಿಗೂ ಸ್ಕೂಲಿನ ಗೋಡೆಗೂ ನಡುವೆ ಎರಡು ಗಾಡಿ ಎದುರುಬದುರಾಗುವಷ್ಟು ಅಗಲವಿದ್ದ ದಾರಿ ಅದು. ಕೋಣೆ ಎದ್ದರೆ ಒಂದು ಹಸು, ಹಿಂದೆ ಒಬ್ಬ ಮನುಷ್ಯ, ಅಷ್ಟಕ್ಕೇ ಸಂದಿ.

ಅದನ್ನು ಒಪ್ಪಿಗೆಗೆ ತಂದ ಮೀಟಿಂಗಿಗೆ ಊರವರೂ ಬಂದಿದ್ದರು. ಪಕ್ಕದ ಮನೆಯ ಅಜ್ಜಿ ಕುರಿಯನ್ನು ಯಾರ ಕೈಗೋ ಒಪ್ಪಿಸಿ ಬಂದು, ಬಾಗಿಲಲ್ಲಿ ನಿಂತೇ ಮಾತಾಡಿದಳು.

"ಕೆರೆದಾರಿ ಮುಚ್ಬ್ಯಾಡಿ ಕಣ್ರಪ್ಪಾ. ನನ್ ಕುರಿ ಹೆಂಗೋ ನುಗ್ಗೋಯ್ತವೆ. ಗಾಡಿ ಹೋಗಾದು ಹೆಂಗೆ? ಹಿಂದ್ಕೆ ಮೆದೆಗಳಿಗೆ ಬೆಂಕಿ ಬಿದ್ದಾಗ ಗಾಡಿ ಮ್ಯಾಲೆ ಡ್ರಮ್ಮು ಮಡೀಕಂಡು ನೀರು ತಂದೇ ಊರು ಉಳಿಸ್ಕಂಡಿದ್ದು."

"ಅಜ್ಜೀ, ಆ ಕಾಲ ಹೋಯ್ತು" ಅಂದರು ಯಾರೋ. "ಈಗ ಫೋನ್ ಮಾಡುದ್ರೆ ಫೈರ್ ಇಂಜಿನ್ನೇ ಬತ್ತದೆ."

ಪ್ರಧಾನರು ನನ್ನ ಕಡೆ ತಿರುಗಿದರು. "ಅದು ನಿಮ್ಮ ಬೀದಿ ಕಣಮ್ಮ. ನೀವೇನಂತೀರಾ?"

ಎಲ್ಲರೂ ನನ್ನನ್ನು ನೋಡಿದರು. ಅಜ್ಜಿ ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಹಾಗೆಂದು ಹೇಳಲು ಬಾಯಿಯೂ ಅರ್ಧ ತೆರೆದಿತ್ತು. ಕಿಟಕಿಯ ಹೊರಗೆ ನನ್ನ ಗಂಡ ನಿಂತಿದ್ದರು, ಬೇಡವೆನ್ನುವಂತೆ ತಲೆಯಾಡಿಸಿದರು. ಹಣ ವಾಪಸು ಹೋದರೆ ನಮ್ಮ ಬೀದಿಯವರಿಂದಲೇ ಹೋಯಿತೆಂಬ ಹೆಸರು ಬರುತ್ತಿತ್ತು. ನಾನು ಸೆರಗು ಸರಿಮಾಡಿಕೊಂಡು, "ಎಲ್ಲಾರೂ ಹೆಂಗಂತೀರೋ ಹಂಗೆ" ಅಂದೆ. ಪುಸ್ತಕ ಬಂತು, ರುಜು ಹಾಕಿದೆ. ಅಜ್ಜಿ ಮೆಟ್ಟಿಲಿಳಿದು ಹೋದಳು.

ಕಟ್ಟಡ ಚೆನ್ನಾಗಿಯೇ ಎದ್ದಿತು. ಕೆರೆದಾರಿಯ ಕೋಣೆಯ ಹೊರಗೋಡೆಗೆ ಪ್ರಧಾನರ ಹೆಸರು ಕೆತ್ತಿದ ಕಲ್ಲು ಕೂರಿಸಿದರು. ಫೋನೂ ಬಂತು. ಗಾಡಿಯವರು ಕೆರೆಗೆ ಹೋಗಬೇಕಾದರೆ ಊರಾಚೆ ತೋಪನ್ನು ಬಳಸಿ ಹೋಗುವುದನ್ನು ರೂಢಿ ಮಾಡಿಕೊಂಡರು. ಗೊಣಗಿದವರು ಸ್ವಲ್ಪ ದಿನ ಗೊಣಗಿ ಸುಮ್ಮನಾದರು.

ಬೆಂಕಿ ಬಿದ್ದದ್ದು ಮರುವರ್ಷ, ಸುಗ್ಗಿ ಮುಗಿದ ಮೇಲೆ. ಮಾಗಿಯ ಚಳಿ ಇನ್ನೂ ಬಿಟ್ಟಿರಲಿಲ್ಲ, ಹಿತ್ತಲುಗಳ ತುಂಬ ಹೊಸ ಹುಲ್ಲಿನ ಮೆದೆಗಳು. ಅಕ್ಕನ ಮನೆಯಲ್ಲಿ ಹುಳ ಹಣ್ಣಾಗಿ ಚಂದ್ರಿಕೆಗೆ ಬಿಟ್ಟಿದ್ದರು. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟಲು ಮಾಡಿದ ಬಿದಿರಿನ ದೊಡ್ಡ ತಟ್ಟೆ. ಒಣಗಿದ ಬಿದಿರು, ಕಿಡಿ ತಾಕಿದರೆ ಸಾಕು. ಥಂಡಿಯಾದರೆ ಹುಳ ಸರಿಯಾಗಿ ಗೂಡು ಕಟ್ಟುವುದಿಲ್ಲವೆಂದು ಎಲ್ಲರೂ ಹುಳದ ಮನೆಯೊಳಗೆ ಬಾಣಲೆಯಲ್ಲಿ ಕೆಂಡ ಇಡುತ್ತಿದ್ದೆವು. ನಾನೂ ಇಡುತ್ತಿದ್ದೆ. ಅಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒರಗಿಸಿಟ್ಟಿದ್ದ ಒಂದು ಚಂದ್ರಿಕೆ ಜಾರಿ ಕೆಂಡದ ಮೇಲೆ ಬಿದ್ದಿತಂತೆ.

ನಾನು ಉಣ್ಣುತ್ತಿದ್ದ ಮುದ್ದೆ ಬಿಟ್ಟು ಓಡಿಬರುವಷ್ಟರಲ್ಲಿ ಮಾಡು ಹತ್ತಿಕೊಂಡಿತ್ತು. ಅಕ್ಕ ಎರಡು ಕೈಯಲ್ಲೂ ಚಂದ್ರಿಕೆ ಹಿಡಿದು ಹೊರಗೆ ಬಂದು, ಅವನ್ನು ಬೀದಿಗೆ ಹಾಕಿ ಮತ್ತೆ ಒಳಗೆ ಹೋದಳು. ಗಂಡಸರು ಗಾಡಿ ಕಟ್ಟಿ ಡ್ರಮ್ಮು ಏರಿಸಿ ಹೊಡೆದುಕೊಂಡು ಹೋದರು. ಕಚೇರಿಯ ಮುಂದೆ ಹೋಗಿ ನಿಲ್ಲಬೇಕಾಯಿತು. ಆತುರದಲ್ಲಿ ಯಾರಿಗೂ ಕೋಣೆಯ ನೆನಪಿರಲಿಲ್ಲ. ತೋಪು ಬಳಸಿ ಹೋಗುವಷ್ಟು ಹೊತ್ತಿರಲಿಲ್ಲ, ಆ ಸಂದಿಯಲ್ಲೇ ಬಿಂದಿಗೆ, ಕೊಡ, ಬಕೀಟು ಹಿಡಿದು ಓಡಾಡಿದೆವು. ತುಂಬಿದ ಕೊಡದವರು ಬರಬೇಕಾದರೆ ಖಾಲಿ ಕೊಡದವರು ಕಾಯಬೇಕು. ನಾನು ನನ್ನ ಕೊಡ ಹೊತ್ತು ಅದರೊಳಗೆ ಸಿಕ್ಕಿಕೊಂಡು, ಹಿಂದಿನವರು ತಳ್ಳುತ್ತ, ಮುಂದಿನವರು ಕೂಗುತ್ತ ಇದ್ದಾಗ, ನನ್ನ ಭುಜ ಆ ಕೋಣೆಯ ಗೋಡೆಗೆ ಉಜ್ಜುತ್ತಿತ್ತು. ಆ ಉರಿ ಇವತ್ತಿಗೂ ಭುಜದಲ್ಲಿದೆ ಅನ್ನಿಸುತ್ತದೆ.

ನಾನು ವಾಪಸು ಬಂದಾಗ ಅಕ್ಕನನ್ನು ಹೊರಗೆ ಎಳೆದು ಹಾಕಿದ್ದರು. ಮೂರನೇ ಸಲವೋ ನಾಲ್ಕನೇ ಸಲವೋ ಒಳಗೆ ಹೋದಾಗ ಮಾಡು ಕುಸಿದಿತ್ತು. ಅವಳಿಗೆ ಪ್ರಜ್ಞೆಯಿತ್ತು. "ಹುಳ" ಅಂದಳು. ಆಮೇಲೆ "ಮಗು ಎಲ್ಲಿ" ಅಂದಳು. ಅವಳ ಮಗಳು ಇನ್ನೂ ಸ್ಕೂಲಿನಲ್ಲಿದ್ದಳು. ಗೂಡು ಸಾಗಿಸುವ ಮೆಟಡೋರಿನಲ್ಲಿ ಮಲಗಿಸಿ ಅವಳ ಗಂಡ, ನನ್ನ ಗಂಡ ಇಬ್ಬರೂ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಕಾರ್ಯದರ್ಶಿ ಫೋನು ಮಾಡಿ ಕರೆಸಿದ ಫೈರ್ ಇಂಜಿನ್ ಬಂತು. ಅವರು ದೂರದಿಂದ ಬರಬೇಕಿತ್ತು, ಆದಷ್ಟು ಬೇಗವೇ ಬಂದರು. ಅಷ್ಟು ಹೊತ್ತಿಗೆ ಮೂರು ಮನೆ ಹೋಗಿ ಬೆಂಕಿ ಮೆದೆಗಳಿಗೆ ಹಾರಿತ್ತು. ಇಂಜಿನ್ನಿನಲ್ಲಿದ್ದ ನೀರು ಎರಡನೇ ಮೆದೆಗೇ ಮುಗಿಯಿತು. ಅದರ ಮುಖ್ಯಸ್ಥರು, "ಕೆರೆ ಎಲ್ಲಿ?" ಎಂದು ಕೂಗಿದರು. ಎಲ್ಲರ ಕೈಗಳೂ ಒಂದೇ ಕಡೆ ಎದ್ದವು. ಕಚೇರಿಯ ಹಿಂದೆ ನೀರು ಹೊಳೆಯುತ್ತಿದ್ದುದು ಅಲ್ಲಿಂದಲೇ ಕಾಣುತ್ತಿತ್ತು. ಇಂಜಿನ್ನು ಹೋಗಿ ಕೋಣೆಯ ಮುಂದೆ ನಿಂತಿತು. ಅವರು ಕೆಳಗಿಳಿದು ಗೋಡೆಯನ್ನೂ ಸ್ಕೂಲನ್ನೂ ನೋಡಿ, "ಇದನ್ನ ಇಲ್ಲಿ ಕಟ್ಟಿದವರು ಯಾರು?" ಅಂದರು. ಇಂಜಿನ್ನು ತೋಪು ಬಳಸಿ ಕೆರೆಗೆ ಹೋಗಿ ನೀರು ತುಂಬಿಕೊಂಡು ಬಂತು. ಬೀದಿಯ ಇನ್ನೊಂದು ತುದಿ ಉಳಿಯಿತು.

ಅಕ್ಕ ಮೂರು ದಿನ ಜೀವ ಹಿಡಿದಿದ್ದಳು.

ಮಣ್ಣಾದ ಮಾರನೆಯ ದಿನ ನಾನು ಅಜ್ಜಿಯ ಹತ್ತಿರ ಹೋದೆ. ಅವಳು ಸುಟ್ಟ ಮನೆಯ ಜಗುಲಿಯ ಮೇಲೇ ಕೂತಿದ್ದಳು, ಪಕ್ಕದಲ್ಲಿ ಏಳು ವರ್ಷದ ಮೊಮ್ಮಗಳು. ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಇಂಜಿನ್ ಬರಾ ಒತ್ತಿಗೇ ಅವ್ಳು ಸುಟ್ಟೋಗಿದ್ಲು ಕಣ್ ಮಗ" ಅಂದಳು ಅವಳಾಗಿಯೇ. "ಗಾಡಿ ನೀರು ಬಂದಿದ್ರೆ ಉಳೀತಿದ್ಲೋ ಏನೋ, ಸಿವನೇ ಬಲ್ಲ. ನಾನು ಅದ ಕೇಳಾಕಿಲ್ಲ."

ನನ್ನ ಮುಖ ನೋಡಿ ಹೇಳಿದಳು: "ಅವತ್ತು ನೀನು ಬಾಯ್ ಬುಡ್ತೀಯ ಅಂತ ನೋಡ್ತಾ ನಿಂತಿದ್ದೆ. ನೀನು ಓದ್ದೋಳಲ್ವಾ?"

ಅಷ್ಟೇ. ಮನೆಗೆ ಬಂದು ನಮ್ಮ ಹುಳದ ಮನೆಯ ಕೆಂಡಕ್ಕೆಲ್ಲ ನೀರು ಹೊಯ್ದೆ. ಆ ಸಲ ನಮ್ಮ ಗೂಡು ಕೆಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಗಂಡ ಹೆಚ್ಚು ಮಾತಾಡುತ್ತಲೇ ಇರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಮೊದಲ ಸಲ ಎದ್ದು ನಿಂತೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ. "ಕೆರೆದಾರಿ ಮೇಲಿರೋ ಕೋಣೆ ಒಡೀಬೇಕು" ಅಂದೆ.

ಕಾರ್ಯದರ್ಶಿ ಗಾಬರಿಯಾದರು. "ಅದು ಸರ್ಕಾರಿ ಕಟ್ಟಡ ಕಣಮ್ಮ. ಒಡೆಯೋ ಅಧಿಕಾರ ನಮಗಿಲ್ಲ. ಆಡಿಟ್‌ನವರು ಬಂದ್ರೆ ಎಲ್ಲರ ಕುತ್ತಿಗೆಗೂ ಬತ್ತದೆ."

"ಕಟ್ಟಾಕೆ ನಮ್ ಸೈನ್ ಸಾಕಾಗಿತ್ತಲ್ಲ ಸಾರ್" ಅಂದೆ. ಅದು ನನ್ನ ಬಾಯಿಂದಲೇ ಬಂದ ಮಾತೆಂದು ನಂಬಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ಪ್ರಧಾನರ ಮುಖ ಕೆಂಪಾಯಿತು. ಅವರ ಹೆಸರಿನ ಕಲ್ಲು ಇದ್ದದ್ದು ಆ ಗೋಡೆಯಲ್ಲಿ. "ಒಂದು ಸಾವು ಆಯ್ತು ಅಂತ ಊರ ಕಟ್ಟಡ ಬೀಳ್ಸಾಕಾಯ್ತದಾ? ಕಟ್ಟುಸ್ದೋರಿಗೆ ಇದೇನಾ ಮರ್ಯಾದೆ?" ಎಂದು ಎದ್ದು ಹೋದರು. ಮೀಟಿಂಗು ಮುರಿದುಬಿತ್ತು. ಬಾಗಿಲ ಹತ್ತಿರ ಒಬ್ಬ ಮೆಂಬರು ಇನ್ನೊಬ್ಬನಿಗೆ, "ಎಂಗಸ್ರಿಗೆ ಸೀಟು ಕೊಟ್ರೆ ಇಂಗೇ ಕಣ್ಲಾ" ಅಂದದ್ದು ಕೇಳಿಸಿತು.

ಅಲ್ಲಿಂದ ನಾನು ರಾಮನಗರಕ್ಕೆ ತಿರುಗತೊಡಗಿದೆ. ಗೂಡು ಮಾರುವ ದಿನ ನಾನೂ ಗಂಡನ ಜೊತೆ ಬಸ್ಸು ಹತ್ತುತ್ತಿದ್ದೆ. ಅವರು ಮಾರುಕಟ್ಟೆಯಲ್ಲಿ ಇಳಿದರೆ ನಾನು ಎಂಜಿನಿಯರ ಕಚೇರಿಗೆ. ಸಾಹೇಬರು ಸೈಟಿಗೆ ಹೋಗಿದ್ದಾರೆ, ಕನಕಪುರಕ್ಕೆ ಹೋಗಿದ್ದಾರೆ, ಮಾಗಡಿಗೆ ಹೋಗಿದ್ದಾರೆ. ವರಾಂಡದ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಎಷ್ಟು ಸಲವೆಂದು ಎಣಿಸಲಿಲ್ಲ. ಒಂದು ದಿನ ಆ ಕಿರಿಯ ಎಂಜಿನಿಯರು ಸಿಕ್ಕರು. ಸುಣ್ಣದ ಗೆರೆ ಎಳೆಸಿದವರು ಅವರೇ. ನಾನು ಬೆಂಕಿಯ ಕಥೆ ಹೇಳಲು ಹೋಗಲಿಲ್ಲ. "ಒಂದ್ಸಲ ಬಂದು ನೋಡಿ ಸಾರ್. ನೋಡುದ್ಮೇಲೆ ಆಗಲ್ಲ ಅಂದ್ರೆ ನಾನು ಬರಾದು ನಿಲ್ಲುಸ್ತೀನಿ" ಅಂದೆ.

ಮುಂದಿನ ವಾರ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಸಂದಿಯ ಅಗಲ ಅಳೆದರು. ಸುಟ್ಟ ಮನೆಗಳ ಕಡೆ ನಡೆದುಹೋಗಿ ತುಂಬ ಹೊತ್ತು ನಿಂತರು. ಅಲ್ಲೇ ಇದ್ದ ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಳು, ಅವರು ಯಾರೆಂದು ಅವಳಿಗೆ ಗೊತ್ತಿತ್ತು.

ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಒಡೀತೀವಿ ಅಂತ ಬರೀಬೇಡಿ. ಕಡತದ ಕೋಣೆಯನ್ನ ಬೇರೆ ಕಡೆಗೆ ಬದಲಾಯಿಸ್ತೀವಿ ಅಂತ ಠರಾವು ಮಾಡಿ ಕಳಿಸಿ. ಅದಕ್ಕೆ ನಾನು ವರದಿ ಬರೀತೀನಿ. ಆದರೆ ಹೊಸ ಹಣ ಬರೋದಿಲ್ಲ. ಮಂಡಲದಲ್ಲೇ ಹೊಂದಿಸ್ಕೋಬೇಕು."

ಮಂಡಲದಲ್ಲಿ ಇದ್ದ ಹಣವೆಂದರೆ ಊರ ಮುಂದೆ ಸ್ವಾಗತ ಕಮಾನು ಕಟ್ಟಲು ತೆಗೆದಿಟ್ಟದ್ದು. ಅದೂ ಪ್ರಧಾನರದೇ ಆಸೆ. ಕೇಳಲು ಅವರ ಅಂಗಡಿಗೆ ಹೋದೆ. ಮೊದಲು ಕಣ್ಣೆತ್ತಿ ನೋಡಲಿಲ್ಲ, ಯಾರಿಗೋ ಪಂಚೆ ಅಳೆಯುತ್ತಲೇ ಇದ್ದರು. ಗಿರಾಕಿ ಹೋದ ಮೇಲೆ ಗಜಕಡ್ಡಿ ಕೆಳಗಿಟ್ಟು ಕೂತರು.

"ನಾನೂ ಅವತ್ತು ಕೊಡ ಹೊತ್ತೆ ಕಣಮ್ಮ" ಅಂದರು. "ಆ ಸಂದೀಲಿ ಯಾರೋ ನನ್ನ ಮ್ಯಾಲೇ ಬಿದ್ರು. ಕಲ್ಲಿನ ಮ್ಯಾಲೆ ನನ್ನೆಸ್ರು ಕಣ್ಣಿಗೆ ಹೊಡೀತು. ಆವಾಗಿಂದ ಆ ಕಡೆ ಹೋದ್ರೆ ತಲೆ ಬಗ್ಗುಸ್ಕಂಡು ಹೋಯ್ತೀನಿ. ಮೀಟಿಂಗಲ್ಲಿ ನಿಮ್ ಮ್ಯಾಲೆ ಕೂಗಾಡ್ಬುಟ್ಟೆ."

"ನಾನೂ ಸೈನ್ ಹಾಕ್ದೋಳೇ ಯಜಮಾನ್ರೇ" ಅಂದೆ.

ಠರಾವು ಪಾಸಾಯಿತು, ಇಬ್ಬರ ವಿರೋಧದೊಂದಿಗೆ. ಮೇಲಿನಿಂದ ಒಪ್ಪಿಗೆ ಬರಲು ಮಳೆಗಾಲವೆಲ್ಲ ಹಿಡಿಯಿತು. ಒಪ್ಪಿಗೆ ಬಂದ ದಿನ ಪ್ರಧಾನರೇ ಹಾರೆ ತರಿಸಿ ತಮ್ಮ ಹೆಸರಿನ ಕಲ್ಲನ್ನು ಬಿಡಿಸಿದರು. ಕಟ್ಟಿ ಎರಡು ವರ್ಷವೂ ತುಂಬದ ಗೋಡೆ, ಗಾರೆ ಇನ್ನೂ ಗಟ್ಟಿಯಾಗಿತ್ತು. ಬೀಳಿಸಲು ಎರಡು ದಿನ ಬೇಕಾಯಿತು. ಕಡತಗಳು ಕಾರ್ಯದರ್ಶಿಯ ಕೋಣೆ ಸೇರಿದವು. ಬೀದಿಯ ಹೆಂಗಸರು ಕಲ್ಲು ಹೊತ್ತು ಕೆರೆಯ ಏರಿಯ ಪಕ್ಕಕ್ಕೆ ಹಾಕಿದೆವು. ಅದೇ ಕಲ್ಲಿನಲ್ಲಿ, ಕಮಾನಿನ ಹಣದಲ್ಲಿ, ಅಲ್ಲೊಂದು ತಗಡಿನ ಷೆಡ್ಡು ಕಟ್ಟಿದರು. ಹುಳ ಸಾಕುವ ಮನೆಯವರೆಲ್ಲ ಒಂದು ಬೆಳೆಯಲ್ಲಿ ಕೈಲಾದಷ್ಟು ಕೊಟ್ಟು ಡೀಸೆಲ್ ಪಂಪೊಂದನ್ನು ಚಕ್ರದ ಮೇಲೆ ಕೂರಿಸಿ ತಂದೆವು, ಜೊತೆಗೆ ಬೀದಿಯ ತುದಿಯವರೆಗೆ ಮುಟ್ಟುವ ಪೈಪು. ಅದಕ್ಕೆ ಮಂಡಲದ ಪುಸ್ತಕದಲ್ಲಿ ದೊಡ್ಡ ಹೆಸರೇನೋ ಇತ್ತು. ಊರಲ್ಲಿ ಎಲ್ಲರೂ ಬೆಂಕಿ ಷೆಡ್ಡು ಅನ್ನುತ್ತಿದ್ದರು. ಅಕ್ಕನ ಗಂಡ ಅದನ್ನು ನೋಡಿಕೊಳ್ಳುವುದಾಗಿ ತಾನೇ ಮುಂದೆ ಬಂದ. ವಾರಕ್ಕೊಮ್ಮೆ ಪಂಪು ಓಡಿಸಿ ನೋಡುತ್ತಿದ್ದ. ಆ ಸದ್ದು ಕೇಳಿದರೆ ಅಜ್ಜಿ, "ಒಸಿ ನಿಲ್ಸಪ್ಪ, ಕುರಿ ಬೆದರ್ತವೆ" ಎಂದು ಬೈಯುತ್ತಿದ್ದಳು.

ಷೆಡ್ಡು ಬಂದ ಮೇಲೆ ನನಗೆ ಗೊತ್ತಿದ್ದ ಹಾಗೆ ಮೂರು ಸಲ ಬೆಂಕಿ ಬಿತ್ತು. ಒಂದು ಸಲ ಒಂದು ಮೆದೆ ಹೋಯಿತು, ಇನ್ನೊಂದು ಸಲ ಒಂದು ಚಪ್ಪರ. ಮೂರನೇ ಸಲ ಏನೂ ಹೋಗಲಿಲ್ಲ. ಮನುಷ್ಯರು ಮತ್ತೆ ಯಾರೂ ಹೋಗಲಿಲ್ಲ. ಆಮೇಲೆ ಮಂಡಲಗಳೇ ಹೋದವು, ಗ್ರಾಮ ಪಂಚಾಯಿತಿಗಳು ಬಂದವು. ಮಾಡುಗಳು ಹೋಗಿ ತಾರಸಿಗಳು ಬಂದವು. ಪಂಪು ತುಕ್ಕು ಹಿಡಿದು, ಷೆಡ್ಡಿನಲ್ಲಿ ಈಗ ಯಾರದೋ ಹಾಲಿನ ಕ್ಯಾನುಗಳಿರುತ್ತವೆ. ದಾರಿ ಮಾತ್ರ ತೆರೆದೇ ಇದೆ.

ಅಕ್ಕನ ಮಗಳನ್ನು ಕನಕಪುರ ತಾಲೂಕಿನ ಕೋಡಿಹಳ್ಳಿಯ ಕಡೆ ಕೊಟ್ಟರು. ಮದುವೆಗೆ ಮುಂಚೆಯೇ ಅಜ್ಜಿ ತೀರಿಕೊಂಡಿದ್ದಳು. ಕೆಲವು ವರ್ಷದ ಹಿಂದೆ ಆ ಮಗಳ ಮನೆಗೆ ಹೋಗಿದ್ದೆ. ಅವಳಿಗೂ ಮಕ್ಕಳಾಗಿ, ಅವರು ಸ್ಕೂಲಿಗೆ ಹೋಗಿದ್ದ ಹೊತ್ತು. ಹಸುವಿಗೆ ಹುಲ್ಲು ಹಾಕಿ ಬಂದು ನನ್ನ ಎದುರಿಗೆ ಕೂತು, "ಚಿಕ್ಕವ್ವಾ, ಅವ್ವ ಎಂಗಿದ್ಲು? ನನಗೆ ಮಕವೇ ನೆಪ್ಪಿಗೆ ಬರಾಕಿಲ್ಲ" ಅಂದಳು.

ನಾನು ಹೇಳಿದೆ. ಅವಳವ್ವ ಸೊಪ್ಪು ಬಿಡಿಸುತ್ತ ತಮಾಷೆ ಮಾಡುತ್ತಿದ್ದದ್ದು, ಹುಳ ಎತ್ತುವಾಗ ಅವಳ ಬೆರಳು ಎಷ್ಟು ಮೆತ್ತಗಿರುತ್ತಿತ್ತು ಅನ್ನುವುದು. ಹೇಳುತ್ತ ಹೇಳುತ್ತ ಆ ಮೀಟಿಂಗಿನದೂ ಹೇಳಿದೆ. ಅಜ್ಜಿ ಬಾಗಿಲಲ್ಲಿ ನಿಂತು ಕೇಳಿಕೊಂಡದ್ದು, ನನಗೆ ಗೊತ್ತಿದ್ದೂ ಸುಮ್ಮನಿದ್ದದ್ದು, ರುಜು ಹಾಕಿದ್ದು. ಇಷ್ಟು ವರ್ಷದಲ್ಲಿ ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳು ನೆಲ ನೋಡುತ್ತ ಕೂತಳು. ಅಳಲಿಲ್ಲ. ಕೊನೆಗೆ ಕೇಳಿದಳು:

"ಇದ ಅಪ್ಪುಂಗೆ ಯೋಳಿದ್ಯಾ?"

"ಇಲ್ಲ ಕಣವ್ವ. ಅವ್ನು ಆ ಮೀಟಿಂಗಿಗೆ ಬಂದಿರ್ನಿಲ್ಲ."

"ಯೋಳ್ಬ್ಯಾಡ" ಅಂದಳು. "ಈಗ ಒಸಿ ನೆಮ್ಮದಿಯಾಗವ್ನೆ."

ಆಮೇಲೆ ಎದ್ದು ಒಳಗೆ ಹೋಗಿ ಒಲೆಯ ಮೇಲೆ ಎಸರಿಟ್ಟಳು. ಉಂಡು ಹೋಗು ಎಂದೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನು ಜಗುಲಿಯಲ್ಲೇ ಕೂತಿದ್ದೆ. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮುದ್ದೆ ತೊಳಸುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವಳು ಎರಡು ತಟ್ಟೆ ತಂದು, ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ಹಿಡಿದು ನನ್ನ ಪಕ್ಕದಲ್ಲಿ ಕೂತಳು.